ರಾಮನಿಗೆ ಆಧಾರ್ ಕೇಳಿದ ಬಡಾವಣೆ

ಈ ವಾರ ನಮ್ಮ ಬಡಾವಣೆಯವರು ರಾಮನನ್ನು ಹಿಡಿದರು. ಜೊತೆಯಲ್ಲಿ ಹನುಮಂತನೂ ಸಿಕ್ಕಿಬಿದ್ದ.

ಇಬ್ಬರೂ ಹಗಲುವೇಷದವರು. ಮುಖಕ್ಕೆ ನೀಲಿ ಬಣ್ಣ, ತಲೆಗೆ ತಗಡಿನ ಕಿರೀಟ, ಹೆಗಲಿಗೊಂದು ಹಾರ್ಮೋನಿಯಂ. ಬುಡ್ಗ ಜಂಗಮರ ಈ ಮಂದಿ ರಾಯಚೂರು, ದೇವದುರ್ಗ, ಮಾನ್ವಿ ಕಡೆಯ ಓಣಿಗಳಲ್ಲಿ ಪಟ್ಟಹಗಲಲ್ಲಿ ರಾಮಾಯಣ ಆಡುತ್ತ ಬಂದದ್ದು ನಮ್ಮ ಅಜ್ಜಂದಿರ ಕಾಲಕ್ಕೂ ಹಿಂದಿನ ಮಾತು. ಮಧ್ಯಾಹ್ನದ ಹೊತ್ತಿಗೆ ಅವರ ಫೋಟೊ ಬಡಾವಣೆಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬಂತು. ಮೇಲೆ ಕೆಂಪಕ್ಷರ: ‘ಅನುಮಾನಾಸ್ಪದ ವ್ಯಕ್ತಿಗಳು, ಹೆಣ್ಣುಮಕ್ಕಳು ಬಾಗಿಲು ತೆಗೆಯಬೇಡಿ.’ ನಾಲ್ಕೈದು ಗಂಡಸರು ಓಡಿಬಂದು ಆಧಾರ್ ಕಾರ್ಡು ಕೇಳಿದರು. ಹನುಮಂತ ಸೊಂಟದ ಚೀಲದಿಂದ ತೆಗೆದು ತೋರಿಸಿದ. ರಾಮನದು ಊರಲ್ಲೇ ಉಳಿದಿತ್ತಂತೆ. ರಾಮನನ್ನು ಹೊರಗೆ ಹಾಕಿದರು. ಕಾರ್ಡು ಇದ್ದ ಹನುಮಂತ ಒಳಗೇ ಇರಬಹುದಿತ್ತು, ಆದರೆ ಅವನೂ ಹಿಂದೆಯೇ ಹೋದ. ಅವನಾದರೂ ರಾಮಾಯಣ ಸರಿಯಾಗಿ ಓದಿಕೊಂಡಿದ್ದ.

ಊರೂರು ತಿರುಗುವ ಸಮುದಾಯಗಳನ್ನು ಹುಟ್ಟಾ ಕಳ್ಳರೆಂದು ಪಟ್ಟಿ ಮಾಡುವ ಕಾಯ್ದೆಯನ್ನು ಬ್ರಿಟಿಷರು ತಂದದ್ದು 1871ರಲ್ಲಿ. ಸ್ವತಂತ್ರ ಭಾರತ ಅದನ್ನು ಕಿತ್ತೊಗೆದದ್ದು 1952ರಲ್ಲಿ. ಅದನ್ನು ಮತ್ತೆ ಜಾರಿಗೆ ತರಲು ಈಗ ಸಂಸತ್ತೇನೂ ಬೇಕಿಲ್ಲ. ಗುಂಪಿನ ಅಡ್ಮಿನ್ ಒಬ್ಬ ಸಾಕು.

ಅದೇ ವಾರದ ಭಾನುವಾರ ‘ಸುರಕ್ಷಿತ ಬಡಾವಣೆ’ ಸಭೆ. ಠರಾವು ಇಷ್ಟು: ಗೇಟು, ಕ್ಯಾಮೆರಾ, ತರಕಾರಿ ಮಾರುವವರಿಗೆ ಗುರುತಿನ ಚೀಟಿ. ಹಿಂದಿನ ರಸ್ತೆಯಲ್ಲಿ ಯುಗಾದಿಯಿಂದ ದೀಪ ಉರಿಯುತ್ತಿಲ್ಲ, ಟ್ಯೂಷನ್‌ನಿಂದ ಬರುವ ಹುಡುಗಿಯರು ಕತ್ತಲಲ್ಲಿ ಓಡುತ್ತಾರೆ, ಮೊದಲು ಅದನ್ನು ನೋಡೋಣ ಎಂದೆ. ಕಾರ್ಯದರ್ಶಿಗಳು ಸಮಾಧಾನ ಹೇಳಿದರು: “ಸರ, ಅದು ಸುರಕ್ಷತೆ ವಿಷಯ ಅಲ್ರಿ. ಅದು ಲೈಟಿನ ವಿಷಯ.”

ಕ್ಯಾಮೆರಾ ಬೇಡವೆಂದು ನಾನು ಹೇಳುವುದಿಲ್ಲ. ಸರಗಳ್ಳರು, ಬೈಕ್ ಕಳ್ಳರು ಎಷ್ಟೋ ಸಲ ಸಿಕ್ಕಿಬೀಳುವುದು ಅದರಿಂದಲೇ. ಆದರೆ ಗೇಟಿನ ಮೇಲೆ ರಾಯಚೂರಿನವರಿಗೆ ಇಷ್ಟು ಭಕ್ತಿ ಎಲ್ಲಿಂದ ಬಂತೋ ತಿಳಿಯದು. ನಮ್ಮ ಕೋಟೆ ಎದ್ದದ್ದು 1294ರಲ್ಲಿ, ಕಾಕತೀಯರ ಕಾಲಕ್ಕೆ. ಅದರ ಶಾಸನದ ಚಪ್ಪಡಿ ನಲವತ್ತು ಅಡಿಗೂ ಉದ್ದ. ಅದನ್ನು ಬಂಡಿಗೆ ಹೇರಿ ಕೋಣಗಳ ಸಾಲು ಕಟ್ಟಿ ಎಳೆದು ತಂದ ಚಿತ್ರವನ್ನೂ ಅಲ್ಲೇ ಕೆತ್ತಿದ್ದಾರೆ. ಮೆಕ್ಕಾ ದರವಾಜಾ, ನೌರಂಗಿ ದರವಾಜಾ, ಕಾಟಿ ದರವಾಜಾ, ಬಾಗಿಲುಗಳಿಗೇನು ಬರವಿಲ್ಲ. ಆದರೂ ಬಹಮನಿಗಳು ಬಂದರು, ವಿಜಯನಗರದವರು ಬಂದರು, ಆದಿಲ್‌ಶಾಹಿಗಳು, ಮೊಘಲರು, ಕೊನೆಗೆ ನಿಜಾಮ. 1520ರ ಮುತ್ತಿಗೆಯಲ್ಲಿ ಕೃಷ್ಣದೇವರಾಯನ ಕಡೆಯ ಪೋರ್ಚುಗೀಸ್ ಬಂದೂಕಿನವರು ಗೋಡೆಯ ಮೇಲೆ ಕಾಣಿಸಿಕೊಂಡವರನ್ನೆಲ್ಲ ಗುರಿಯಿಟ್ಟು ಉರುಳಿಸಿದರು ಎಂದು ಅದೇ ದೇಶದ ಪ್ರವಾಸಿ ನೂನಿಜ್ ಬರೆದಿಟ್ಟಿದ್ದಾನೆ. ಗೋಡೆ ನಂಬಿ ಕೆಟ್ಟ ಊರಿದು. ಇರಲಿ, ಈಗ ಐಡಿಎಸ್‌ಎಂಟಿ ಲೇಔಟಿನಿಂದ ಯರಮರಸ್‌ವರೆಗೆ ಮತ್ತೆ ಗೇಟುಗಳ ಕಾಲ.

ಅಂದಹಾಗೆ, ನಮ್ಮ ಗೇಟಿನ ಕಂಬಕ್ಕೆ ಮರಳು ಬಂದದ್ದು ರಾತ್ರಿ ಎರಡು ಗಂಟೆಗೆ. ರಸೀದಿ ಎಲ್ಲಿ ಎಂದು ಕೇಳಿದೆ. ಎಲ್ಲರೂ ನಕ್ಕರು.

ನನ್ನ ತಕರಾರು ಇಲ್ಲಿದೆ. ಕೃಷ್ಣೆ, ತುಂಗಭದ್ರೆಗಳ ನಡುವಿನ ಈ ನಾಡಿನಲ್ಲಿ ಅಪರಾಧ ವೇಷ ಹಾಕಿಕೊಂಡು ಬರುವುದಿಲ್ಲ. ಬಿಳಿ ಅಂಗಿ ತೊಟ್ಟು, ಹೆಸರು ಹಿಡಿದು ಕರೆದರೆ ತಿರುಗಿ ನೋಡಿ, ಚಹಾ ಕುಡಿಸಿ ಹೋಗುತ್ತದೆ. ದೇವದುರ್ಗದ ಕಡೆ ಕೃಷ್ಣೆಯಲ್ಲಿ, ಮಾನ್ವಿಯ ಕಡೆ ತುಂಗಭದ್ರೆಯಲ್ಲಿ ರಾತ್ರಿಯಿಡೀ ಮರಳು ಎತ್ತುವವರು ಯಾರೆಂದು ಕೇಳಿದರೆ ಮೂರನೇ ಇಯತ್ತೆಯ ಹುಡುಗನೂ ಟ್ರ್ಯಾಕ್ಟರಿನ ನಂಬರು ಸಮೇತ ಹೇಳುತ್ತಾನೆ. ಕಿರಾಣಿ ಅಂಗಡಿಯಲ್ಲಿ ಸಕ್ಕರೆ ಡಬ್ಬದ ಹಿಂದೆ ಏನಿದೆ, ಮಟ್ಕಾ ಚೀಟಿ ಬರೆಯುವವ ಯಾರ ಮನುಷ್ಯ, ಸಿ.ಎಚ್. ಪೌಡರ್ ಕಲಸಿದ ಸೇಂದಿ ಯಾವ ದಾರಿಯಿಂದ ಪೇಟೆಗೆ ಇಳಿಯುತ್ತದೆ, ಇದೆಲ್ಲ ಓಣಿಗೇ ಗೊತ್ತಿರುವ ಗುಟ್ಟು. 2018ರ ಡಿಸೆಂಬರಿನಲ್ಲಿ ಮಾನ್ವಿ ತಾಲ್ಲೂಕಿನಲ್ಲಿ ಗ್ರಾಮ ಲೆಕ್ಕಿಗರೊಬ್ಬರು ಮರಳಿನ ಲಾರಿ ತಡೆಯಲು ಹೋಗಿ ಅದೇ ಲಾರಿಯಡಿ ಸಿಕ್ಕು ಸತ್ತರು. ದಾಖಲೆ ಬರೆಯುವುದು ಅವರ ಕೆಲಸ. ಲಾರಿಗೆ ಅಡ್ಡ ನಿಲ್ಲುವ ಕೆಲಸವೂ ಅವರ ಹೆಗಲಿಗೇ ಬಂತು. ಅಂಥ ಊರಿನವರಾದ ನಾವು ಹಗಲುವೇಷದವನ ಕಿರೀಟ ತಡಕುತ್ತೇವೆ.

ಇನ್ನು ಶಾಂತಿ ಸಭೆ. ‘ಇವನದು ಮತ್ತೆ ಶಾಂತಿ ಸಭೆಯ ಪುರಾಣ’ ಎಂದು ನೀವು ಗೊಣಗುವುದು ನನಗೆ ಕೇಳಿಸುತ್ತದೆ, ಆದರೂ ಬಿಡಲಾರೆ. ಗಣೇಶ ಚೌತಿಗೆ ಮುಂಚೆ ಒಂದು, ಮೊಹರಂಗೆ ಮುಂಚೆ ಒಂದು. ಶಾಮಿಯಾನ, ಬಾದಾಮಿ ಹಾಲು. ಮೊದಲ ಸಾಲಿನ ಕುರ್ಚಿಗಳಲ್ಲಿ ಯಾರು ಕೂರುತ್ತಾರೆ ಎಂದು ಒಮ್ಮೆ ನಿಂತು ನೋಡಿ. ಗುತ್ತಿಗೆದಾರ, ನ್ಯಾಯಬೆಲೆ ಅಂಗಡಿಯವರು, ಮೂರೂ ಪಕ್ಷಗಳ ತಾಲ್ಲೂಕು ಮಟ್ಟದ ಮುಖಂಡರು. ಇವರಲ್ಲಿ ಕೆಲವರಾದರೂ ಊರಿನ ಅಶಾಂತಿಯಲ್ಲಿ ಪಾಲುದಾರರು ಎಂದು ಹಿಂದಿನ ಸಾಲಿನವರು ಪಿಸುಗುಡುತ್ತಾರೆ. ಎರಡು ಕೋಮುಗಳ ನಡುವೆ ಶಾಂತಿ ಕಾಪಾಡಿ ಎಂದು ಇವರು ಭಾಷಣ ಮಾಡುತ್ತಾರೆ. ಮೊಹರಂನಲ್ಲಿ ಆಲಾಯಿ ಕುಣಿಯ ಸುತ್ತ ಕುಣಿಯುವವರಲ್ಲಿ ಅರ್ಧಕ್ಕರ್ಧ ಹಿಂದೂಗಳೇ ಇರುವ ಜಿಲ್ಲೆಯಿದು. ಮುದಗಲ್ಲಿಗೆ ಹೋಗಿ ನೋಡಿ. ಆ ಜನಕ್ಕೆ ಕೂಡಿ ಬಾಳುವ ಪಾಠ ಹೇಳುವುದು, ಮೀನಿಗೆ ಈಜು ಕಲಿಸಿದ ಹಾಗೆ.

ಸರ್ಕಾರದ ಕಡೆಯಿಂದ ಯೋಜನೆಗಳಿಗೆ ಕೊರತೆಯಿಲ್ಲ ಅನ್ನಿ. ಗ್ರಾಮ ರಕ್ಷಣಾ ದಳಗಳಿಗೆಂದು 1964ರಲ್ಲೇ ರಾಜ್ಯದಲ್ಲಿ ಕಾಯ್ದೆಯಾಗಿದೆ. 2017ರಲ್ಲಿ ಸುಧಾರಿತ ಬೀಟ್ ಬಂತು, ಒಂದೊಂದು ಪ್ರದೇಶಕ್ಕೆ ಒಬ್ಬೊಬ್ಬ ಪೇದೆ ಹೊಣೆ, ಜೊತೆಗೆ ಆ ಪ್ರದೇಶದ ನಾಗರಿಕರು. 2025ರ ಜುಲೈನಲ್ಲಿ ಗೃಹ ಸಚಿವ ಜಿ. ಪರಮೇಶ್ವರ ಅವರು ‘ಮನೆ ಮನೆಗೆ ಪೊಲೀಸ್’ ಶುರುಮಾಡಿದರು. ಪೊಲೀಸರೇ ಬಾಗಿಲು ತಟ್ಟಿ, ಕುಶಲ ಕೇಳಿ, ದೂರು ಬರೆದುಕೊಳ್ಳುವುದು. ಒಳ್ಳೆಯದೇ. ಆದರೆ ದೇವದುರ್ಗದ ತಾಂಡಾಗಳಲ್ಲಿ, ದೊಡ್ಡಿಗಳಲ್ಲಿ ಯಾವ ಬಾಗಿಲು ತಟ್ಟುತ್ತೀರಿ ಸ್ವಾಮಿ? ಬನ್ನಿ ಹಬ್ಬ, ದೀಪಾವಳಿ ಮುಗಿದರೆ ಗುಳೆ ಶುರು. ಬೆಂಗಳೂರು, ಹೈದರಾಬಾದ್, ಪುಣೆ. ರಾತ್ರಿ ಬಸ್ಸಿನ ಟಾಪಿನ ಮೇಲೆ ಪಾತ್ರೆ ಗಂಟು, ಒಳಗೆ ಸಂಸಾರ. ಹಿಂದೆ ಉಳಿಯುವುದು ಬೀಗ, ಮುದುಕರು, ಶಾಲೆ ತಪ್ಪಿಸಬಾರದೆಂದು ಬಿಟ್ಟುಹೋದ ಮಕ್ಕಳು.

ಗಬ್ಬೂರಿನ ಆಚೆ ಒಂದು ಹಳ್ಳಿಯಲ್ಲಿ ಒಬ್ಬ ಅಜ್ಜಿಯನ್ನು ಕಂಡೆ. ಸೆರಗಿನ ಗಂಟಿನಲ್ಲಿ ಕೀಲಿಕೈಗಳ ದೊಡ್ಡ ಗೊಂಚಲು. ತನ್ನ ಮನೆಯದು ಅದರಲ್ಲಿ ಒಂದೇ. ಉಳಿದವು ದುಡಿಯಲು ಹೋದವರವು. ಬೆಳಿಗ್ಗೆ ಎದ್ದು ಒಂದೊಂದು ಬಾಗಿಲ ಮುಂದೆ ಕಸ ಹೊಡೆಯುತ್ತಾಳೆ. ಮನೆ ಖಾಲಿ ಐತಿ ಅಂತ ಗೊತ್ತಾಗಬಾರದು ನೋಡು, ಅದಕ್ಕ. ಆ ಮನೆಗಳ ಹುಡುಗಿಯರು ರಾತ್ರಿ ಆಕೆಯ ಪಡಸಾಲೆಯಲ್ಲೇ ಮಲಗುತ್ತಾರೆ. ಕುಡಿದವರು ಬಾಗಿಲಿಗೆ ಬಂದರೆ? ಮೂಲೆಯಲ್ಲಿದ್ದ ಒನಕೆ ತೋರಿಸಿದಳು. ನಗಲಿಲ್ಲ, ಸುಮ್ಮನೆ ತೋರಿಸಿದಳು. ಬೀಟ್ ಪೊಲೀಸ್ ಬರುತ್ತಾರಾ ಎಂದೆ. “ಬರ್ತಾರಪ. ಗೌಡ್ರ ಮನಿಗೆ ಬಂದು ಚಾ ಕುಡ್ದು ಸೈನ್ ಮಾಡ್ಕೊಂಡು ಹೋಗ್ತಾರ.” ಬೀಟಿನ ನಾಗರಿಕರ ಪಟ್ಟಿಯಲ್ಲಿ ಆಕೆಯ ಹೆಸರಿಲ್ಲ.

ಆ ಒನಕೆಯ ಮಾತಿನಿಂದ ನೆನಪಾಯಿತು. ಈ ಜಿಲ್ಲೆಯಲ್ಲಿ ನಾನು ಕಂಡ ಒಂದೇ ಒಂದು ನಿಜವಾದ ನೆರೆಹೊರೆ ಕಾವಲು ಪಡೆಯ ಹತ್ತಿರ ಗೇಟೂ ಇರಲಿಲ್ಲ, ಕ್ಯಾಮೆರಾವೂ ಇರಲಿಲ್ಲ. ಗ್ರಾಮೀಣ ಕೂಲಿಕಾರ್ಮಿಕರ ಸಂಘಟನೆಯ ಹೆಂಗಸರು ಅವರು. ಉದ್ಯೋಗ ಖಾತ್ರಿಯ ಕೂಲಿ ಕೇಳಲು ಕೂಡಿದವರು. ಕೂಲಿ ಬಂದ ಮೇಲೆ ಅದು ಎಲ್ಲಿ ಹೋಗುತ್ತದೆ ಎಂದು ಲೆಕ್ಕ ಹಾಕಿದಾಗ ದಾರಿ ನೇರವಾಗಿ ಕಿರಾಣಿ ಅಂಗಡಿಯ ಸಕ್ಕರೆ ಡಬ್ಬಕ್ಕೆ ಹೋಯಿತು. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ಬಂದ್ ಆಯಿತಲ್ಲ, ಆಮೇಲೆ ಅಗ್ಗದ ಮದ್ಯದ ಪ್ಯಾಕೆಟ್ಟುಗಳು ಲೈಸೆನ್ಸಿನ ಅಂಗಡಿಯಿಂದ ಬೈಕಿನ ಮೇಲೆ ಹಳ್ಳಿಗೆ ಬಂದು, ಹೋಟೆಲು, ಕಿರಾಣಿ, ಪಾನ್ ಡಬ್ಬಿ ಎಲ್ಲ ಕಡೆ ಸೇರಿಕೊಂಡವು. ಮೊದಲು ಕುಡಿಯಲು ಊರ ಹೊರಗೆ ಹೋಗಬೇಕಿತ್ತು, ಆಮೇಲೆ ಮನೆಯ ಪಕ್ಕದಲ್ಲೇ ಸಿಗತೊಡಗಿತು. ಹೆಂಡತಿಗೆ ಬೀಳುವ ಏಟು, ಹಬ್ಬದ ದಿನದ ಜಗಳ, ರಾತ್ರಿ ಹೊರಕಡೆಗೆ ಹೋಗುವ ಹುಡುಗಿಯರ ಭಯ, ಈ ಎಲ್ಲದರ ಬೇರು ಅಲ್ಲಿದೆ ಎಂದು ಇವರಿಗೆ ಯಾವ ಅಪರಾಧಶಾಸ್ತ್ರದ ಪಂಡಿತನೂ ಹೇಳಿಕೊಡಲಿಲ್ಲ.

ಮದ್ಯ ನಿಷೇಧ ಆಂದೋಲನ ಎಂದು ಹೆಸರಿಟ್ಟುಕೊಂಡರು. 2019ರ ಜನವರಿ 19ರಂದು ಚಿತ್ರದುರ್ಗದಿಂದ ಹೊರಟು ಸಾವಿರಾರು ಹೆಂಗಸರು ಇನ್ನೂರು ಕಿಲೋಮೀಟರ್ ನಡೆದು, ಗಾಂಧಿ ಸತ್ತ ದಿನ ಬೆಂಗಳೂರು ಮುಟ್ಟಿದರು. ದೊಡ್ಡ ಪಾಲು ರಾಯಚೂರು ಜಿಲ್ಲೆಯವರದೇ. ಬರಿಗಾಲಿನವರು, ರಬ್ಬರ್ ಚಪ್ಪಲಿಯವರು. ದಾರಿಯಲ್ಲಿ ಬೈಕ್ ಬಡಿದು ಒಬ್ಬಾಕೆ ತೀರಿಕೊಂಡರು. ಉಳಿದವರು ನಡೆದರು.

ಅಂದು ಅವರು ಕೇಳಿದ್ದು ಪೂರ್ಣ ಮದ್ಯ ನಿಷೇಧ. ಅದಾಗದಿದ್ದರೆ ಇಷ್ಟಾದರೂ ಮಾಡಿ ಎಂದದ್ದೇನೂ ದೊಡ್ಡದಲ್ಲ. ಅಕ್ರಮ ಮಾರಾಟ ನಿಲ್ಲಿಸಿ, ಊರಿಗೆ ಮದ್ಯದಂಗಡಿ ಬೇಕೋ ಬೇಡವೋ ಎಂದು ಊರಿನವರನ್ನು ಕೇಳಿ. ಪಕ್ಕದ ಮಹಾರಾಷ್ಟ್ರದಲ್ಲಿ ಈ ಪದ್ಧತಿಯಿದೆ. ಅರ್ಜಿ ಕೊಟ್ಟರೆ ಊರ ಹೆಂಗಸರ ಮತದಾನ ನಡೆಯುತ್ತದೆ. ಚೀಟಿಯಲ್ಲಿ ಎರಡು ಚಿತ್ರ, ನಿಂತ ಬಾಟಲಿ, ಮಲಗಿದ ಬಾಟಲಿ. ಅರ್ಧಕ್ಕಿಂತ ಹೆಚ್ಚು ಮಂದಿ ಮಲಗಿದ್ದಕ್ಕೆ ಒತ್ತಿದರೆ ಅಂಗಡಿ ಬಂದ್. ನಮ್ಮಲ್ಲಿ ಬಾಟಲಿ ಮಲಗುವುದು ಹೇಗೆ? 2025-26ರ ಬಜೆಟ್ಟಿನಲ್ಲಿ ಅಬಕಾರಿ ವರಮಾನದ ಗುರಿಯೇ 40,000 ಕೋಟಿ ರೂಪಾಯಿ. ಒಂದು ಇಲಾಖೆಗೆ ಮನೆ ಮನೆಗೆ ಹೋಗಿ ಕುಶಲ ಕೇಳುವ ಗುರಿ, ಇನ್ನೊಂದಕ್ಕೆ ಆ ಮನೆಗಳ ಕುಶಲ ಕೆಡಿಸುವ ಗುರಿ. ಎರಡೂ ಇಲಾಖೆಗಳು ಒಂದೇ ವಿಧಾನಸೌಧದವು.

ಜನರ ಗುಂಪು ಕಟ್ಟಿದರೆ ಸಾಕು, ಊರು ಸುರಕ್ಷಿತ ಎನ್ನುವವರಿಗೆ ಎರಡು ಮಾತು. 1993ರಲ್ಲಿ ತಮಿಳುನಾಡಿನ ರಾಮನಾಥಪುರದಲ್ಲಿ ‘ಫ್ರೆಂಡ್ಸ್ ಆಫ್ ಪೊಲೀಸ್’ ಎಂಬ ಪಡೆ ಶುರುವಾಯಿತು. ಒಳ್ಳೆಯ ಮನಸ್ಸಿನಿಂದಲೇ ಶುರುವಾದದ್ದು. 2020ರಲ್ಲಿ ಸಾತಾನ್‌ಕುಳಂ ಠಾಣೆಯಲ್ಲಿ ತಂದೆ–ಮಗ ಏಟು ತಿಂದು ಸತ್ತಾಗ ಈ ಪಡೆಯ ಮೇಲೂ ಬೆರಳು ತೋರಿಸಿದರು, ಸರ್ಕಾರ ಅದನ್ನು ನಿಷೇಧಿಸಿತು. ಠಾಣೆಯ ಬಾಗಿಲಲ್ಲಿ ಬಹಳ ದಿನ ನಿಂತ ನಾಗರಿಕನಿಗೆ ಲಾಠಿಯ ರುಚಿ ಹತ್ತುತ್ತದೆ.

ಇನ್ನೊಂದಕ್ಕೆ ಅಷ್ಟು ದೂರ ಹೋಗಬೇಕಿಲ್ಲ. ನಮ್ಮದೇ ಕಲ್ಯಾಣ ಕರ್ನಾಟಕದ ಬೀದರ್ ಜಿಲ್ಲೆಯ ಮುರ್ಕಿ. 2018ರ ಜುಲೈ. ಹೈದರಾಬಾದಿನಿಂದ ಬಂದ ಗೆಳೆಯರು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಮಕ್ಕಳ ಕಳ್ಳರು ಬಂದಿದ್ದಾರೆಂದು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಸುದ್ದಿ ಓಡಿತು. ಮುಂದಿನ ಊರಾದ ಮುರ್ಕಿಯವರು ದಾರಿಗೆ ಅಡ್ಡ ಕಟ್ಟಿ ಕಾದರು. ಒಬ್ಬ ಯುವಕ ಸತ್ತ. ಕೊಂದವರೂ ತಮ್ಮನ್ನು ಊರು ಕಾಯುವವರೆಂದೇ ತಿಳಿದಿದ್ದರು. ನಮ್ಮ ಬಡಾವಣೆಯ ಸಂದೇಶ ಓದಿದಾಗ ನನ್ನ ಬೆನ್ನಲ್ಲಿ ಚಳಿ ಮೂಡಿದ್ದು ಅದಕ್ಕೇ. ಇದನ್ನು ಗುಂಪಿನಲ್ಲಿ ಬರೆದೆ. ಮೂರು ಜನ ಕೈಮುಗಿದ ಚಿತ್ರ ಹಾಕಿದರು, ಒಬ್ಬರು ಶುಭೋದಯ ಎಂದರು.

ಓಣಿ ಕಾಯುವುದೆಂದರೆ ಹೊರಗಿನವನ ಮುಖ ನೋಡುವುದು ಎಂದು ತಿಳಿದವರ ಕೈಗೆ ಈ ಕೆಲಸ ಕೊಡಬಾರದು. ಒಳಗಿನವನ ಅಂಗಡಿಯ ಮುಂದೆ ನಿಂತು, ಅವನ ಹೆಸರು ಹಿಡಿದು, ‘ಏನಿಟ್ಟಿ ತೆಗಿ’ ಎನ್ನಬಲ್ಲವರ ಕೈಗೆ ಕೊಡಬೇಕು. ಅದಕ್ಕೆ ಧೈರ್ಯ ಬೇಕು, ಏಕೆಂದರೆ ಅಂಗಡಿಯವನು ನೆಂಟ, ಸಾಲ ಕೊಟ್ಟವನು, ಕೆಲವೊಮ್ಮೆ ಪಂಚಾಯಿತಿ ಮೆಂಬರು. ಮದ್ಯ ನಿಷೇಧ ಆಂದೋಲನದ ಹೆಂಗಸರು ಹಾಗೆ ನಿಂತಿದ್ದಾರೆ, ಬೈಸಿಕೊಂಡಿದ್ದಾರೆ, ಏಟನ್ನೂ ತಿಂದಿದ್ದಾರೆ. ದೂರು ಕೊಡಲು ಠಾಣೆಗೆ ಹೋದರೆ ‘ಇವರದು ದಿನಾ ಇದೇ’ ಎನ್ನಿಸಿಕೊಂಡಿದ್ದಾರೆ.

ಜಿಲ್ಲಾಡಳಿತಕ್ಕೆ ನನ್ನದೊಂದು ಸಣ್ಣ ಅರ್ಜಿ, ಖರ್ಚಿಲ್ಲದ್ದು. ದೇವದುರ್ಗ, ಮಾನ್ವಿಯ ಮುಂದಿನ ಶಾಂತಿ ಸಭೆಗೆ ಈ ಹೆಂಗಸರನ್ನು ಕರೆಯಿರಿ. ಬಂದು ಅವರು ನೆಲದ ಮೇಲೆ ಕೂತರೂ ಸರಿ. ಅಂಗಡಿ ಯಾವುದು, ಟ್ರ್ಯಾಕ್ಟರ್ ಯಾರದು ಎಂದು ಒಬ್ಬೊಬ್ಬರಾಗಿ ಎದ್ದು ಹೇಳಲಿ. ಕುರ್ಚಿಯ ಚಿಂತೆ ಬೇಡ, ಅಷ್ಟರೊಳಗೆ ಮೊದಲ ಸಾಲು ತಾನಾಗಿಯೇ ಖಾಲಿಯಾಗಿರುತ್ತದೆ.