ಬೂದಿಬಟ್ಟಲಿಗೆ ಆನೆಮರಿ!

ಚಿತ್ರ ಬರೆದರೆ ಹೊಟ್ಟೆ ತುಂಬೀತೇ? ಮಗನೋ ಮಗಳೋ ಕಲಾಶಾಲೆಗೆ ಸೇರುತ್ತೇನೆಂದಾಗ ಬಹುಪಾಲು ತಂದೆತಾಯಿಯರು ಕೇಳುವ ಮೊದಲ ಪ್ರಶ್ನೆ ಇದು. ಅವರ ಆತಂಕ ಸಹಜವೇ. ಆದರೆ ಚಿತ್ರ ಕೊಳ್ಳುವವರು ಸಿರಿವಂತರು ಮಾತ್ರವಲ್ಲ, ಕಂಪೆನಿಗಳೂ ಕೊಳ್ಳುತ್ತವೆ. ಏಕೆಂಬುದಕ್ಕೆ ಏರ್ ಇಂಡಿಯಾದ ಕಥೆಯೇ ಸಾಕ್ಷಿ.

ಐವತ್ತರ ದಶಕದಲ್ಲಿ ಏರ್ ಇಂಡಿಯಾ ಚಿಕ್ಕ ಸಂಸ್ಥೆ. ಪೈಪೋಟಿ ನಡೆಸಬೇಕಾದದ್ದು ಯೂರೋಪಿನ ದೈತ್ಯ ಕಂಪೆನಿಗಳೊಂದಿಗೆ. ಅದು ಹಾರಿಸುತ್ತಿದ್ದ ವಿಮಾನಗಳೂ ಅಮೆರಿಕದಲ್ಲಿ ತಯಾರಾದವು. ಹಾಗಾದರೆ ತನ್ನದೆಂದು ತೋರಿಸಲು ಏನಿದೆ? 1946ರಲ್ಲಿ ಬಾಬಿ ಕೂಕಾ ಮತ್ತು ಉಮೇಶ್ ರಾವ್ ಜೋಡಿ ರೂಪಿಸಿದ ಮೀಸೆಯ ‘ಮಹಾರಾಜ’ ಒಂದು ಉತ್ತರ. ಆಧುನಿಕ ಭಾರತೀಯ ಕಲೆ ಇನ್ನೊಂದು.

ಜೆ.ಆರ್.ಡಿ. ಟಾಟಾ ಅಧ್ಯಕ್ಷರಾಗಿದ್ದ ಸಂಸ್ಥೆ 1956ರಲ್ಲಿ ಯುವ ಕಲಾವಿದೆ ಬಿ. ಪ್ರಭಾ ಅವರ ಆರು ಚಿತ್ರಗಳನ್ನು ಕೊಂಡಿತು. ಬೆಲೆ ಒಂದಕ್ಕೆ 87 ರೂಪಾಯಿ 50 ಪೈಸೆ! ಮುಂದೆ ಹುಸೇನ್, ಗಾಯ್ತೊಂಡೆ, ಆರಾ ಮೊದಲಾದವರ ಕೃತಿಗಳೂ ಬಂದವು. ಕೆಲವರಿಗೆ ಹಣದ ಬದಲು ವಿಮಾನದ ಟಿಕೆಟ್ ಸಿಕ್ಕಿದ್ದೂ ಉಂಟು. ಕೈಯಲ್ಲಿ ಕಾಸಿಲ್ಲದ ಕಲಾವಿದನಿಗೆ ವಿದೇಶದ ಕಲಾಶಾಲೆಗಳನ್ನು ಕಾಣಲು ಅದಕ್ಕಿಂತ ದೊಡ್ಡ ಸಂಭಾವನೆ ಬೇಕೇ? ಈ ಚಿತ್ರಗಳು ಹೊರದೇಶಗಳ ಟಿಕೆಟ್ ಕಚೇರಿಗಳ ಗೋಡೆಯೇರಿದವು. ಒಳಗೆ ಬಂದ ವಿದೇಶೀಯ, ವಿಮಾನ ಹತ್ತುವ ಮೊದಲೇ ಭಾರತವನ್ನು ಕಾಣುತ್ತಿದ್ದ.

1967ರಲ್ಲಿ ಸ್ಪೇನಿನ ಖ್ಯಾತ ಕಲಾವಿದ ಸಾಲ್ವಡಾರ್ ಡಾಲಿ ಸಂಸ್ಥೆಗಾಗಿ ಪಿಂಗಾಣಿಯ ಬೂದಿಬಟ್ಟಲೊಂದನ್ನು ವಿನ್ಯಾಸ ಮಾಡಿದ. ನೇರ ನೋಡಿದರೆ ಹಂಸ, ತಲೆಕೆಳಗಾಗಿಸಿದರೆ ಆನೆ. ಅದಕ್ಕೆ ಆತ ಕೇಳಿದ ಪ್ರತಿಫಲ ಹಣವಲ್ಲ, ಒಂದು ಆನೆಮರಿ! ನಮ್ಮ ಬೆಂಗಳೂರಿನಿಂದಲೇ ಮರಿಯೊಂದು ವಿಮಾನದಲ್ಲಿ ಜಿನೀವಾ ತಲುಪಿ, ಅಲ್ಲಿಂದ ಲಾರಿಯಲ್ಲಿ ಡಾಲಿಯ ಊರಿಗೆ ಹೋಯಿತು.

ಆದರೆ ಕೊಂಡರೆ ಸಾಲದು, ಕಾಪಾಡಲೂ ಬೇಕು. ಜತಿನ್ ದಾಸ್ 1991ರಲ್ಲಿ ರಚಿಸಿದ ಅಪ್ಸರೆಯ ಚಿತ್ರ ಈ ಸಂಗ್ರಹದಿಂದ ಕಾಣೆಯಾಗಿ, ಮಾರಾಟಕ್ಕಿದೆಯೆಂಬ ಸುದ್ದಿ 2017ರಲ್ಲಿ ಕಲಾವಿದರ ಕಿವಿಗೇ ಬಿತ್ತು. ಆಮೇಲೆ ಅದು ಹಿಂದಿರುಗಿತು. ಲೆಕ್ಕದ ಪುಸ್ತಕ ಸರಿಯಿಲ್ಲದಿದ್ದರೆ ಗೋಡೆಯ ಮೇಲಿನ ಸಂಪತ್ತು ಬರಿಯ ಅಲಂಕಾರವಾಗಿಬಿಡುತ್ತದೆ. ಹೋದರೂ ಯಾರಿಗೂ ತಿಳಿಯದು. 2022ರ ಜನವರಿಯಲ್ಲಿ ಏರ್ ಇಂಡಿಯಾ ಮತ್ತೆ ಟಾಟಾ ಸಮೂಹದ ಪಾಲಾಯಿತು. ಚಿತ್ರಗಳು ಮಾತ್ರ ಮಾರಾಟದಲ್ಲಿ ಸೇರಲಿಲ್ಲ. 2023ರಲ್ಲಿ ಅವು ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯದ ವಶಕ್ಕೆ ಬಂದವು.

ಪೋಷಕರು ಇಲ್ಲೊಂದು ಅಂಶ ಗಮನಿಸಬೇಕು. ಕಲೆ ಕಲಿತವರಿಗೆ ಕುಂಚ ಹಿಡಿಯುವುದೊಂದೇ ದಾರಿಯಲ್ಲ. ಚಿತ್ರಗಳನ್ನು ಆರಿಸಲು, ಪಟ್ಟಿ ಮಾಡಲು, ಕೆಡದಂತೆ ರಕ್ಷಿಸಲು, ಸಂಸ್ಥೆಯ ಮುಖವನ್ನು ರೂಪಿಸಲು ಕಲೆ ಬಲ್ಲವರೇ ಬೇಕು. ಮಗು ಚಿತ್ರ ಬರೆಯುತ್ತಾ ಕುಳಿತರೆ ಕಾಲ ಹಾಳಾಯಿತೆನ್ನುವ ಮೊದಲು, ಒಂದು ಭಾನುವಾರ ಬೆಂಗಳೂರಿನ ಅರಮನೆ ರಸ್ತೆಯಲ್ಲಿರುವ ಅದೇ ಸಂಗ್ರಹಾಲಯದ ಶಾಖೆಗೆ ಜೊತೆಯಾಗಿ ಹೋಗಿಬನ್ನಿ.