ಹತ್ತಿ ಬಿಡಿಸಿದವರು ಯಾರು?

ಕಾದಂಬರಿ ಓದುವುದು ಹೊತ್ತು ಹೋಗದವರ ಕೆಲಸವೆಂದು ನಮ್ಮ ಕಾರ್ಯಕರ್ತರಲ್ಲೇ ಕೆಲವರು ಹೇಳುವುದುಂಟು. ನಾವು ಈ ಮಾತನ್ನು ಒಪ್ಪುವುದಿಲ್ಲ. ಚರಿತ್ರೆಯ ಪುಸ್ತಕವನ್ನು ನೂರು ಜನ ಓದಿದರೆ ಕಾದಂಬರಿಯನ್ನು ಲಕ್ಷ ಜನ ಓದುತ್ತಾರೆ. ಹಿಂದಿನ ಕಾಲ ಹೇಗಿತ್ತೆಂದು ಜನ ನಂಬುವುದು ಬಹುಮಟ್ಟಿಗೆ ಕಥೆಗಾರರು ಹೇಳಿದಂತೆಯೇ. ಆದುದರಿಂದ ಬರೆದವರು ಯಾರ ಪಕ್ಕದಲ್ಲಿ ನಿಂತು ಬರೆದರೆಂಬುದನ್ನು ದುಡಿಯುವ ಜನ ಕೇಳಲೇಬೇಕು.

1861ರಿಂದ 1865ರ ವರೆಗೆ ಅಮೆರಿಕದಲ್ಲಿ ನಡೆದ ಅಂತರ್ಯುದ್ಧವನ್ನೇ ತೆಗೆದುಕೊಳ್ಳಿ. ಗಿರಣಿಯವರಿಗೂ ಹತ್ತಿ ವ್ಯಾಪಾರಿಗಳಿಗೂ ಅದು ಪರಕೀಯರ ಜಗಳವಲ್ಲ. ಗುಲಾಮರು ಬೆಳೆದ ಅಲ್ಲಿನ ಹತ್ತಿ ಬರುವುದು ನಿಂತಾಗ ಇಂಗ್ಲೆಂಡಿನ ಕಣ್ಣು ನಮ್ಮ ಧಾರವಾಡ ಸೀಮೆಯ ಹತ್ತಿಯ ಮೇಲೆ ಬಿತ್ತು. ಧಾರಣೆ ಗಗನಕ್ಕೇರಿತು; ಯುದ್ಧ ಮುಗಿಯುತ್ತಲೇ ಕುಸಿಯಿತು; 1865ರಲ್ಲಿ ಮುಂಬಯಿಯ ಎಷ್ಟೋ ವ್ಯಾಪಾರಿಗಳು ದಿವಾಳಿಯೆದ್ದರು. ಅತ್ತ ಲ್ಯಾಂಕಾಷೈರಿನ ಗಿರಣಿಗಳು ಮುಚ್ಚಿ ಕಾರ್ಮಿಕರು ಉಪವಾಸ ಬಿದ್ದರು. ಹಾಗಿದ್ದೂ ಮ್ಯಾಂಚೆಸ್ಟರಿನ ಕಾರ್ಮಿಕರು 1862ರ ಕೊನೆಯ ದಿನ ಸಭೆ ಸೇರಿ, ಗುಲಾಮಗಿರಿಯ ವಿರುದ್ಧ ಅಧ್ಯಕ್ಷ ಲಿಂಕನ್ನರ ಪಕ್ಷ ಹಿಡಿದರು. ಹಸಿದ ಹೊಟ್ಟೆಯ ಆ ನಿರ್ಧಾರ ನಮಗೆ ಹೆಮ್ಮೆಯ ಆಸ್ತಿ.

ಈ ಯುದ್ಧದ ಕಾದಂಬರಿಗಳಲ್ಲಿ ಬಹಳ ಹೆಸರಾದುದು ಮಾರ್ಗರೆಟ್ ಮಿಚೆಲ್ 1936ರಲ್ಲಿ ಹೊರತಂದ ‘ಗಾನ್ ವಿತ್ ದಿ ವಿಂಡ್’. ಅದನ್ನು ಓದಬೇಡಿರೆಂದು ನಾವು ಹೇಳುವುದಿಲ್ಲ. ಕೈಗೆತ್ತಿಕೊಂಡರೆ ಕೆಳಗಿಡಲಾಗದ ಕಥೆ. ಜಾರ್ಜಿಯಾದ ಹತ್ತಿ ಜಮೀನುದಾರನ ಮಗಳು ಸ್ಕಾರ್ಲೆಟ್ ಹಸಿವನ್ನು ಕಂಡು, ಹಟ ತೊಟ್ಟು ಮೇಲೇಳುವುದು ಮರೆಯುವಂಥದಲ್ಲ. ಆದರೆ ಆ ಪುಸ್ತಕದ ಗುಲಾಮರಿಗೆ ಒಡೆಯರ ಸುಖವೇ ತಮ್ಮ ಸುಖ! ಕಪ್ಪು ಜನರನ್ನು ಬೆದರಿಸಿ ಕೊಂದ ಕು ಕ್ಲಕ್ಸ್ ಕ್ಲಾನಿನ ಮುಸುಕುಧಾರಿಗಳು ಅಲ್ಲಿ ಮಾನ ಕಾಯುವ ಗೃಹಸ್ಥರು! ಯುದ್ಧಾನಂತರ ಸ್ಕಾರ್ಲೆಟ್ ಮರ ಕೊಯ್ಯುವ ಗಿರಣಿ ನಡೆಸುತ್ತಾಳೆ. ಕೂಲಿ ಉಳಿಸಲೆಂದು ಸೆರೆಮನೆಯ ಕೈದಿಗಳನ್ನು ಬಾಡಿಗೆಗೆ ತಂದು ದುಡಿಸುತ್ತಾಳೆ. ಆ ಪುಟಗಳನ್ನು ನಮ್ಮ ಗಿರಣಿ ಬಂಧುಗಳು ಎರಡು ಸಲ ಓದಲಿ.

ಅದನ್ನು ಓದಿದವರು 1966ರಲ್ಲಿ ಬಂದ ಮಾರ್ಗರೆಟ್ ವಾಕರ್ ಅವರ ‘ಜುಬಿಲಿ’ಯನ್ನು ಓದದೆ ಬಿಡಬಾರದು. ಅದೇ ಜಾರ್ಜಿಯಾ, ಅದೇ ಯುದ್ಧ. ಆದರೆ ಅಲ್ಲಿ ಜಗಲಿಯಿಂದ ಕಂಡುದು ಇಲ್ಲಿ ಅಡಿಗೆಮನೆಯಿಂದ ಕಾಣುತ್ತದೆ. ಒಡೆಯನಿಗೇ ಹುಟ್ಟಿದ ಗುಲಾಮ ಹುಡುಗಿ ಅವನ ಮನೆಯಲ್ಲಿಯೇ ಅಡಿಗೆಯವಳಾಗುತ್ತಾಳೆ. ಮಕ್ಕಳನ್ನು ಕಟ್ಟಿಕೊಂಡು ಓಡಿಹೋಗಲು ಯತ್ನಿಸಿ, ಸಿಕ್ಕಿಬಿದ್ದು ಚಾಟಿಯೇಟು ತಿನ್ನುತ್ತಾಳೆ. ಬಿಡುಗಡೆಯಾದ ಮೇಲೆ ಕಟ್ಟಿಕೊಂಡ ಮನೆಯನ್ನು ಕ್ಲಾನಿನವರು ಸುಡುತ್ತಾರೆ. ಅವಳು ಮತ್ತೆ ಮನೆ ಮಾಡುತ್ತಾಳೆ. ತಮ್ಮ ಮುತ್ತಜ್ಜಿಯ ಬಾಳನ್ನು ಅಜ್ಜಿಯ ಬಾಯಿಂದ ಕೇಳಿ ವಾಕರ್ ಈ ಕಥೆ ಕಟ್ಟಿದರು. 1860ರಲ್ಲಿ ಅಮೆರಿಕದಲ್ಲಿದ್ದ ಗುಲಾಮರು ಸುಮಾರು 40 ಲಕ್ಷ. ಅವರ ಕಡೆಯ ಸಾಕ್ಷಿ ಇದು.

ಬಿಡುವು ಕಡಮೆಯಿರುವವರಿಗೆ ಸ್ಟೀಫನ್ ಕ್ರೇನನ ‘ದಿ ರೆಡ್ ಬ್ಯಾಜ್ ಆಫ್ ಕರೇಜ್’ (1895) ಒಳ್ಳೆಯದು, ಪುಸ್ತಕ ಚಿಕ್ಕದು. ವೀರನಾಗುವೆನೆಂದು ಸೈನ್ಯ ಸೇರಿದ ರೈತನ ಮಗ ಗುಂಡಿನ ಸುರಿಮಳೆ ಕಂಡು ಓಡುತ್ತಾನೆ. ಯುದ್ಧವೇಕೆ ನಡೆದಿದೆಯೆಂಬುದನ್ನು ಲೇಖಕ ಹೇಳುವುದೇ ಇಲ್ಲ. ಇದು ಅದರ ಕೊರತೆ. ಆದರೆ ಸಿಪಾಯಿಯ ಭಯವನ್ನು ಅಷ್ಟು ನಿಜವಾಗಿ ಬರೆದವರು ವಿರಳ. ಆ ಹುಡುಗರು ಸಾಯುತ್ತಿದ್ದಾಗ ಉತ್ತರದ ಧನಿಕನು 300 ಡಾಲರ್ ತೆತ್ತು ಮನೆಯಲ್ಲಿ ಕೂರಲು 1863ರ ಕಾಯಿದೆ ಎಡೆ ಕೊಟ್ಟಿತು. ದಕ್ಷಿಣದಲ್ಲಿ 20 ಗುಲಾಮರ ಒಡೆಯನಿಗೂ ಅಂಥದೇ ವಿನಾಯಿತಿಯಿತ್ತು.

ಇವು ಇಂಗ್ಲಿಷ್ ಪುಸ್ತಕಗಳು. ಓದಬಲ್ಲ ತರುಣರು ಓದಿ, ಸಂಜೆ ಸಂಘದ ಕೋಣೆಯಲ್ಲಿ ಉಳಿದವರಿಗೆ ಕಥೆ ಹೇಳಲಿ. ಅಂಗಡಿಯವರೂ ಬಂದು ಕೂರಲಿ. ಕಥೆ ಮುಗಿದ ಮೇಲೆ ಒಂದು ಪ್ರಶ್ನೆ ಕೇಳಲು ಮರೆಯಬೇಡಿ: ಇದರಲ್ಲಿ ಹತ್ತಿ ಬಿಡಿಸಿದವರು ಯಾರು, ಅವರಿಗೆ ಬಾಯಿ ಉಂಟೇ? ಈ ಪ್ರಶ್ನೆ ಕೇಳಲು ಕಲಿತವರನ್ನು ಯಾವ ಸೊಗಸಾದ ಕಥೆಯೂ ಮರುಳುಮಾಡಲಾರದು.