ಸಂತೆಯೂ ಸ್ವಂತ ಜಗುಲಿಯೂ

ಕನ್ನಡ ಪಾಠ ಹೇಳುವವನಿಗೆ ವ್ಯಾಪಾರದ ಮಾತೇಕೆ ಎಂದು ಓದುಗರು ಕೇಳಬಹುದು. ಕೇಳಿದರೆ ತಪ್ಪಿಲ್ಲ, ಮೂರು ವರ್ಷದ ಹಿಂದೆ ನಾನೂ ಹಾಗೆಯೇ ಕೇಳುತ್ತಿದ್ದೆ. ಆದರೆ ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯ ಕಾಲೇಜುಗಳಲ್ಲಿ ಈಗ ವಿದ್ಯಾರ್ಥಿಗಳು ತರಗತಿ ಮುಗಿದ ಮೇಲೆ ಬಂದು ಕೇಳುವ ಪ್ರಶ್ನೆಗಳಲ್ಲಿ ಅರ್ಧದಷ್ಟು ಪರೀಕ್ಷೆಯವಲ್ಲ. ಪಂಪ ರನ್ನರವಂತೂ ಅಲ್ಲವೇ ಅಲ್ಲ. "ಸಾರ್, ಒಂದು ವೆಬ್‌ಸೈಟು ಮಾಡಿದ್ದೇನೆ, ನೋಡುವವರೇ ಇಲ್ಲ. ಏನು ಬರೆದರೆ ಬರುತ್ತಾರೆ?" ಎಂಬುದು ಪ್ರಶ್ನೆ. ಗೌರಿಬಿದನೂರಿನ ಹುಡುಗನೊಬ್ಬ ತಾಯಿ ಹಾಕಿದ ಉಪ್ಪಿನಕಾಯಿಯನ್ನು ಮಾರಲು ಹೊರಟಿದ್ದಾನೆ. ಚಿಂತಾಮಣಿಯ ಹುಡುಗಿಯೊಬ್ಬಳು ಸೀರೆಯ ಸೆರಗಿಗೆ ಕುಚ್ಚು ಕಟ್ಟಿಕೊಡುತ್ತಾಳೆ. ಮಾರುವುದು ಹೇಗೆಂದು ನನಗೆ ತಿಳಿಯದು. ಆದರೆ "ಏನು ಬರೆಯಬೇಕು, ಯಾರಿಗೆ ಬರೆಯಬೇಕು" ಎಂಬುದು ನಮ್ಮ ಶಾಸ್ತ್ರದ ಎಲ್ಲೆಯೊಳಗಿನ ಪ್ರಶ್ನೆಯೇ ಆದುದರಿಂದ, ಜಾರಿಕೊಳ್ಳಲು ನನಗೆ ದಾರಿಯಿರಲಿಲ್ಲ.

ಇವರೆಲ್ಲರಿಗಿಂತ ಹೆಚ್ಚು ಕಲಿಸಿದವಳು ಶಿಡ್ಲಘಟ್ಟ ತಾಲ್ಲೂಕಿನ ಒಬ್ಬ ವಿದ್ಯಾರ್ಥಿನಿ. ಅವಳ ಹೆಸರು ಇಲ್ಲಿ ಬೇಡ. ಮನೆಯಲ್ಲಿ ಹಿಪ್ಪುನೇರಳೆ ತೋಟ, ಹುಳು ಸಾಕುವ ಮನೆ. ಮಾರುಕಟ್ಟೆಗೆ ಸಲ್ಲದೆ ಉಳಿದ ರೇಷ್ಮೆಗೂಡುಗಳನ್ನು ಕತ್ತರಿಸಿ, ಬಣ್ಣ ಕಟ್ಟಿ, ಪೋಣಿಸಿ ಹಾರ ಮಾಡುತ್ತಾಳೆ. ನಮ್ಮ ಕಡೆಯ ಸಭೆಗಳಲ್ಲಿ ಅತಿಥಿಗಳ ಕೊರಳಿಗೆ ಬೀಳುವ ಗೂಡಿನ ಹಾರವನ್ನು ಕಂಡವರು ಅನೇಕರಿರಬಹುದು. ಬಾಡುವುದಿಲ್ಲ ಎಂಬುದು ಅದರ ಗುಣ; ಮೇಷ್ಟ್ರುಗಳ ಮನೆಯಲ್ಲಿ ಮೊಳೆಗೆ ತೂಗಿ ಧೂಳು ಹಿಡಿಯುತ್ತದೆ ಎಂಬುದು ದೋಷ.

ಈ ಹುಡುಗಿ ಒಂದು ಸಾಮಾಜಿಕ ಮಾಧ್ಯಮದಲ್ಲಿ ತನ್ನ ಪುಟವನ್ನು ತೆರೆದಳು. ದಿನಕ್ಕೊಂದು ಚಿತ್ರ ಹಾಕಿದಳು. ವರ್ಷ ತುಂಬುವುದರೊಳಗೆ ಏಳು ಸಾವಿರ ಜನ ಹಿಂಬಾಲಿಸುವವರಾದರು. ಒಂದು ಸಲ ಸಿನಿಮಾ ಹಾಡಿಗೆ ಹಾರವನ್ನು ಕುಣಿಸಿ ಅರ್ಧ ನಿಮಿಷದ ಚಲಚ್ಚಿತ್ರ ಹಾಕಿದಾಗ ಎರಡು ಲಕ್ಷ ಜನ ನೋಡಿದರಂತೆ. ಎರಡು ಲಕ್ಷವೆಂದರೆ ಸಾಮಾನ್ಯವಲ್ಲ. ನಮ್ಮ ಊರಿನ ಜನಸಂಖ್ಯೆಗಿಂತ ಎಷ್ಟೋ ಪಾಲು ಹೆಚ್ಚು. ಆ ತಿಂಗಳು ಮಾರಾಟವಾದ ಹಾರಗಳು ನಾಲ್ಕು. ಅವುಗಳಲ್ಲಿ ಒಂದನ್ನು ಕೊಂಡವನು ನಾನು.

ಇದರಿಂದ ಅವಳೇನೂ ಎದೆಗುಂದಲಿಲ್ಲ. ಎದೆಗುಂದಿದ್ದು ಮತ್ತೊಂದು ದಿನ. ಬೆಳಿಗ್ಗೆ ಎದ್ದು ನೋಡುವಾಗ ಪುಟದ ಬೀಗದ ಕೈ ಬೇರೆ ಯಾರದೋ ಪಾಲಾಗಿತ್ತು. ಸಂಸ್ಥೆಗೆ ಬರೆದಳು, ಯಂತ್ರ ಉತ್ತರ ಕೊಟ್ಟಿತು. ಮತ್ತೆ ಬರೆದಳು; ಅದೇ ಯಂತ್ರ ಅದೇ ಉತ್ತರ ಕೊಟ್ಟಿತು. ವರ್ಷದ ಚಿತ್ರಗಳು, ಕೊಂಡವರ ಮಾತುಗಳು, ಅರ್ಧಕ್ಕೆ ನಿಂತ ಮೂರು ಬೇಡಿಕೆಗಳು ಎಲ್ಲವೂ ಒಳಗೇ ಉಳಿದವು. ಹೊರಗೆ ಉಳಿದದ್ದು ಒಂದು ನೋಟುಪುಸ್ತಕ. ಅವಳ ತಂದೆ ಗೂಡಿನ ಲೆಕ್ಕ ಬರೆದು ಬರೆದು ಪಳಗಿದವರು. ಯಾರಿಗೆ ಏನು ಕಳಿಸಿದರೂ ಹೆಸರು, ಊರು, ಫೋನಿನ ಸಂಖ್ಯೆ ಬರೆದಿಡಬೇಕೆಂದು ಹಟ ಹಿಡಿದಿದ್ದರು. ಅದರಲ್ಲಿ ಮೂವತ್ತೆಂಟು ವಿಳಾಸಗಳಿದ್ದವು. ಏಳು ಸಾವಿರ ಹೋಗಿ ಮೂವತ್ತೆಂಟು ಉಳಿಯಿತು.

ಆ ವಾರ ಅವಳೊಡನೆ ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಗೆ ಹೋಗಿದ್ದೆ. ಅವಳ ತಂದೆ ಅಂದು ಗೂಡು ತಂದಿದ್ದರು. ಆ ಮಾರುಕಟ್ಟೆಯನ್ನು ಬೆಳಗಿನ ಹೊತ್ತು ನೋಡದವರು ಒಮ್ಮೆ ನೋಡತಕ್ಕದ್ದು. ಸಾಲುಸಾಲಾಗಿ ಹರವಿದ ಗೂಡು. ಅದರ ಮಧ್ಯೆ ನೂಲು ಬಿಚ್ಚಾಣಿಕೆದಾರರು ಓಡಾಡುತ್ತಾರೆ. ಬೊಗಸೆಯಲ್ಲಿ ಗೂಡೆತ್ತಿಕೊಂಡು, ಒತ್ತಿ ನೋಡಿ, ಕಿವಿಯ ಬಳಿ ಅಲುಗಿಸಿ, ಮುಖದಲ್ಲಿ ಏನೂ ತೋರಗೊಡದೆ ಮುಂದೆ ನಡೆಯುತ್ತಾರೆ. ಹಿಂದೆ ಬೆಲೆಯನ್ನು ಬಾಯಲ್ಲಿ ಕೂಗುತ್ತಿದ್ದರು. ಈಗ ಕೈಯಲ್ಲಿನ ಫೋನಿನಿಂದಲೇ ಹರಾಜು ನಡೆಯುತ್ತದೆ. ಹಳೆಯವರಿಗೆ ಆ ಗದ್ದಲ ಹೋದ ಬೇಸರವಿದೆ. ಗದ್ದಲ ಹೋದರೂ ಒಂದು ಏರ್ಪಾಟು ಹೋಗಿಲ್ಲ: ಯಾವ ರಾಶಿಗೆ ಏನು ಬೆಲೆ ಬಂತು ಎಂಬುದು ತಿಳಿಯುತ್ತದೆ, ತಕ್ಕಡಿ ಕಣ್ಣೆದುರಿಗಿದೆ. ಮೈಸೂರು ರಾಜ್ಯದ ಕಾಲದಲ್ಲಿ, 1959ರಲ್ಲಿ, ಮೊಟ್ಟೆ ಗೂಡು ನೂಲುಗಳ ಮಾರಾಟವನ್ನು ನಿಯಮಕ್ಕೊಳಪಡಿಸುವ ಕಾಯಿದೆ ಬಂದದ್ದರ ಉದ್ದೇಶವೇ ಇದು. ಗೂಡು ಹಣ್ಣಾದ ಮೇಲೆ ಕಾಯುವ ವಸ್ತುವಲ್ಲ. ಒಳಗಿನ ಹುಳು ಚಿಟ್ಟೆಯಾಗಿ ಹೊರಬಂದರೆ ನೂಲಿನ ಎಳೆ ಹರಿದು ಗೂಡು ಬಿಚ್ಚಾಣಿಕೆಗೆ ಬಾರದು. ಇಂಥ ಆತುರದಲ್ಲಿರುವ ರೈತನನ್ನು ಮನೆಬಾಗಿಲಲ್ಲಿ ಹಿಡಿದು ಅಗ್ಗಕ್ಕೆ ಕೊಳ್ಳಲು ಬರುವವನಿಂದ ಬಿಡಿಸಿ, ನಾಲ್ಕು ಜನ ಕೊಳ್ಳುವವರ ನಡುವೆ ನಿಲ್ಲಿಸಿದ್ದು ಆ ಮಾರುಕಟ್ಟೆ. ಅಲ್ಲಿಯೂ ಗೊಣಗಾಟ ಇಲ್ಲದಿಲ್ಲ. ಗೊಣಗದ ರೈತನನ್ನು ನಾನು ಕಂಡಿಲ್ಲ. ಆದರೆ ಗೊಣಗುವುದಕ್ಕೆ ಎದುರಿಗೆ ಒಬ್ಬ ಅಧಿಕಾರಿ ಇದ್ದಾನೆ.

ಸಾಮಾಜಿಕ ಮಾಧ್ಯಮವೂ ಸಂತೆಯೇ. ಆದರೆ ಅದರ ತಕ್ಕಡಿ ಪರದೆಯ ಹಿಂದೆ ಇದೆ. ಇಂದು ಹಾಕಿದ ಚಿತ್ರ ಎರಡು ಲಕ್ಷ ಜನಕ್ಕೆ ಏಕೆ ಕಂಡಿತು, ನಾಳೆ ಹಾಕಿದ್ದು ಇನ್ನೂರು ಜನಕ್ಕೂ ಏಕೆ ಕಾಣಲಿಲ್ಲ ಎಂದು ಕೇಳಲು ಅಲ್ಲಿ ಯಾರೂ ಇಲ್ಲ. ಸಂತೆಯ ಮೈದಾನದ ಒಡೆಯ ತನ್ನ ಲಾಭಕ್ಕೆ ತಕ್ಕಂತೆ ದಾರಿಗಳನ್ನು ತಿರುಗಿಸುತ್ತಾನೆ. 2018ರ ಜನವರಿಯಲ್ಲಿ ಫೇಸ್‌ಬುಕ್ಕು, ಇನ್ನು ಮುಂದೆ ಸ್ನೇಹಿತರ ಮತ್ತು ಮನೆಯವರ ಮಾತಿಗೆ ಮೊದಲ ಸ್ಥಾನ, ಸಂಸ್ಥೆಗಳ ಮತ್ತು ಪತ್ರಿಕೆಗಳ ಪುಟಗಳಿಗೆ ಆಮೇಲೆ ಎಂದು ಸಾರಿತು. ಅದನ್ನೇ ನಂಬಿ ತಮ್ಮ ತಾಣಗಳಿಗೆ ಓದುಗರನ್ನು ಕರೆಯುತ್ತಿದ್ದ ಎಷ್ಟೋ ಪತ್ರಿಕೆಗಳ ಬಾಗಿಲು ಒಮ್ಮೆಗೇ ಬಣಗುಟ್ಟಿತು. ಇದಾದರೂ ದಾರಿ ತಿರುಗಿಸಿದ ಮಾತು. ಮೈದಾನವೇ ಇಲ್ಲವಾಗುವುದೂ ಉಂಟು. ನನ್ನ ವಯಸ್ಸಿನವರು ಪ್ರಾಯದಲ್ಲಿ ಮರುಳಾಗಿದ್ದ ಆರ್ಕುಟ್ 2014ರ ಸೆಪ್ಟೆಂಬರಿನಲ್ಲಿ ಮುಚ್ಚಿತು. ಗೂಗಲ್ ಪ್ಲಸ್ 2019ರ ಏಪ್ರಿಲಿನಲ್ಲಿ ಹೋಯಿತು. 2020ರ ಜೂನ್ 29ರಂದು ಭಾರತ ಸರ್ಕಾರ ಟಿಕ್‌ಟಾಕನ್ನೂ ಇತರ 58 ಅಪ್ಲಿಕೇಷನ್ನುಗಳನ್ನೂ ನಿಷೇಧಿಸಿತು. ಅದಕ್ಕೆ ಕಾರಣಗಳೇನೇ ಇರಲಿ, ಅಲ್ಲಿ ಲಕ್ಷಗಟ್ಟಲೆ ಪ್ರೇಕ್ಷಕರನ್ನು ಗಳಿಸಿದ್ದ ಹಳ್ಳಿಯ ಹುಡುಗ ಹುಡುಗಿಯರು ತಮ್ಮ ಪ್ರೇಕ್ಷಕರಿಗೆ "ನಾವು ಇಂಥ ಕಡೆ ಇದ್ದೇವೆ" ಎಂದು ಹೇಳಿಕೊಳ್ಳುವಷ್ಟು ಸಮಯವೂ ಇಲ್ಲದೆ ನಿಂತರು. ಪ್ರೇಕ್ಷಕರ ವಿಳಾಸ ಅವರ ಬಳಿ ಇರಲಿಲ್ಲ.

ಹಾಗಾದರೆ ಸಂತೆಯೇ ಬೇಡವೆ? ಹಾಗೆ ಹೇಳುವವನು ನಾನಲ್ಲ. 2020ರ ಬೇಸಿಗೆಯಲ್ಲಿ, ಕೊರೋನಾ ದಿಗ್ಬಂಧನದ ದಿನಗಳಲ್ಲಿ, ಚಿಕ್ಕಬಳ್ಳಾಪುರದ ಬಳಿಯ ನನ್ನ ಪರಿಚಯದ ದ್ರಾಕ್ಷಿ ಬೆಳೆಗಾರರೊಬ್ಬರು ತೋಟದಲ್ಲಿ ಹಣ್ಣು ಕೊಳೆಯುವುದನ್ನು ನೋಡುತ್ತ ಕುಳಿತಿದ್ದರು. ಅವರ ಮಗ ಬೆಂಗಳೂರಿನ ಒಂದು ಬಡಾವಣೆಯ ವಾಟ್ಸಾಪ್ ಗುಂಪಿಗೆ ಹಣ್ಣಿನ ಚಿತ್ರ ಹಾಕಿದ. ಮೂರನೆಯ ದಿನ ಸಣ್ಣ ಲಾರಿ ಹೊರಟಿತು. ಅವರಿಗೆ ಆಗ ವೆಬ್‌ಸೈಟು ಕಟ್ಟಿಕೊಳ್ಳಿರೆಂದು ಉಪದೇಶಿಸಿದ್ದರೆ ನನ್ನನ್ನು ತೋಟದಿಂದ ಓಡಿಸುತ್ತಿದ್ದರು. ಓಡಿಸುವುದು ನ್ಯಾಯವೂ ಆಗುತ್ತಿತ್ತು. ಚಿಂತಾಮಣಿಯ ಟೊಮೆಟೊ ಬೆಳೆಗಾರನಿಗೂ ಅಷ್ಟೆ: ಇಂದಿನ ಧಾರಣೆ ಇಂದೇ ತಿಳಿದರೆ ಸಾಕು, ನಾಳೆಗೆ ಅದು ಹಳಸಿದ ಸುದ್ದಿ. ಹಳಸುವ ಸರಕಿಗೆ ಸಂತೆ ಸಾಕು. ಹಾರ, ಕುಚ್ಚು, ಉಪ್ಪಿನಕಾಯಿ, ಪುಸ್ತಕ, ಪಾಠ ಇವನ್ನು ಮಾರುವವನ ಮಾತು ಬೇರೆ. ಅವನಿಗೆ ಒಮ್ಮೆ ಬಂದವನು ಮತ್ತೆ ಬರಬೇಕು. ಬರಬೇಕಾದರೆ ಕೂರಲು ಒಂದು ಜಗುಲಿ ಬೇಕು.

ಈ ವಿಷಯದಲ್ಲಿ ನಮ್ಮ ಸಾಹಿತಿಗಳು ವ್ಯಾಪಾರಿಗಳಿಗಿಂತ ಮೊದಲೇ ಪಾಠ ಕಲಿತಿದ್ದರು. ಗಳಗನಾಥರು ತಮ್ಮ ಕಾದಂಬರಿಗಳ ಗಂಟನ್ನು ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರಿದ ಕಥೆಯನ್ನು ನಾವು ತರಗತಿಗಳಲ್ಲಿ ಕಣ್ಣು ತೇವವಾಗುವಂತೆ ಹೇಳುತ್ತೇವೆ. ಹೇಳತಕ್ಕದ್ದೇ. ಆದರೆ ಅದು ಸಂತೆಯ ದಾರಿ. ಹೊರುವ ತಲೆ ದಣಿಯುವ ತನಕ ನಡೆಯುವ ದಾರಿ. 1933ರಲ್ಲಿ ಧಾರವಾಡದಲ್ಲಿ ಜಿ. ಬಿ. ಜೋಶಿಯವರು ಮನೋಹರ ಗ್ರಂಥಮಾಲೆಯನ್ನು ತೆಗೆದಾಗ ಹಿಡಿದದ್ದು ಬೇರೆ ದಾರಿ. ಓದುಗರನ್ನು ಚಂದಾದಾರರನ್ನಾಗಿ ಮಾಡಿಕೊಂಡು ಅವರ ಮನೆಗೆ ಪುಸ್ತಕ ಕಳಿಸುವುದು. ಲೇಖಕರು ಬಂದು ಹರಟುತ್ತಿದ್ದ ಅವರ 'ಅಟ್ಟ' ಕನ್ನಡದಲ್ಲಿ ಪ್ರಸಿದ್ಧವಾಯಿತು. ಅಟ್ಟದಷ್ಟೇ ಬೆಲೆಯುಳ್ಳದ್ದು ಚಂದಾದಾರರ ಹೆಸರು ವಿಳಾಸಗಳಿದ್ದ ಆ ಪುಸ್ತಕವೆಂದು ನನಗೆ ಈಗ ತೋರುತ್ತದೆ. ಅದನ್ನು ಯಾವ ಮೈದಾನದ ಒಡೆಯನೂ ಕಿತ್ತುಕೊಳ್ಳುವಂತಿರಲಿಲ್ಲ.

ಹುಡುಗಿಗೆ ಈ ಕಥೆ ಹೇಳಿದೆ. ಅವಳು ಕಥೆ ಬಿಟ್ಟು ಕೆಲಸಕ್ಕೆ ಬೇಕಾದದ್ದನ್ನು ತೆಗೆದುಕೊಂಡಳು. ತನ್ನ ಹೆಸರಿನಲ್ಲೇ ಒಂದು ಸಣ್ಣ ವೆಬ್‌ಸೈಟು ಮಾಡಿಸಿದಳು. ಮೂವತ್ತೆಂಟು ಜನರಿಗೂ ಒಬ್ಬೊಬ್ಬರಿಗೇ ಬರೆದು, ಹೊಸ ಹಾರವಾದಾಗ ತಿಳಿಸಬಹುದೇ ಎಂದು ಅಪ್ಪಣೆ ಕೇಳಿದಳು. ಇಪ್ಪತ್ತಾರು ಜನ ಆಗಲಿ ಎಂದರು. ಉಳಿದವರನ್ನು ಬಿಟ್ಟಳು. ಕೇಳದೆ ಗುಂಪಿಗೆ ಸೇರಿಸಿ ದಿನ ಬೆಳಗಾದರೆ ಗುಲಾಬಿಯ ಚಿತ್ರ ಕಳಿಸುವ ಮಹನೀಯರು ಇದನ್ನು ಗಮನಿಸಬೇಕಾಗಿ ಬೇಡುತ್ತೇನೆ. ಮತ್ತೆ ಸಾಮಾಜಿಕ ಮಾಧ್ಯಮಕ್ಕೂ ಹೋದಳು. ಈ ಸಲ ಮನೆ ಕಟ್ಟಲು ಅಲ್ಲ, ಕೈಮರ ನೆಡಲು. ಅಲ್ಲಿ ಚಿತ್ರ ಮತ್ತು ಎರಡು ವಾಕ್ಯ; ಉಳಿದದ್ದೆಲ್ಲ ತನ್ನ ತಾಣದಲ್ಲಿ. ಇದರಲ್ಲೂ ತೊಡಕಿದೆ. ಕೆಲವು ಮಾಧ್ಯಮಗಳಲ್ಲಿ ಚಿತ್ರದ ಕೆಳಗೆ ಬರೆದ ವಿಳಾಸವನ್ನು ಎಷ್ಟು ಒತ್ತಿದರೂ ತೆರೆಯದು. ಜನ ತನ್ನ ಮೈದಾನ ಬಿಟ್ಟು ಹೋಗುವುದು ಒಡೆಯನಿಗೆ ಇಷ್ಟವಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಇನ್ನು ಭಾಷೆಯ ಮಾತು. ಮೊದಲು ಅವಳು ಎಲ್ಲಿಂದಲೋ ಎತ್ತಿದ ಇಂಗ್ಲಿಷಿನಲ್ಲಿ ಬರೆಯುತ್ತಿದ್ದಳು. ಅತ್ಯುತ್ತಮ, ಅಪೂರ್ವ, ಅಗ್ಗ ಎಂಬ ಅರ್ಥದ ಮೂರು ಪದಗಳು. ಸೋಪಿಗೂ ಅವೇ, ಸೀರೆಗೂ ಅವೇ. ನಮ್ಮ ಸೀಮೆಯ ಅನೇಕ ಮನೆಗಳಲ್ಲಿ ಮಾತು ತೆಲುಗು, ಶಾಲೆಯಲ್ಲಿ ಕನ್ನಡ. ಆದುದರಿಂದ ಎರಡರಲ್ಲೂ ಸಂಕೋಚಪಟ್ಟು ಮಕ್ಕಳು ಮೂರನೆಯದರ ಮೊರೆ ಹೋಗುತ್ತಾರೆ. ಚಿಂತಾಮಣಿ ತಾಲ್ಲೂಕಿನ ಕೈವಾರದ ತಾತಯ್ಯನವರು, ಯೋಗಿ ನಾರೇಯಣರು, ಕನ್ನಡ ತೆಲುಗುಗಳೆರಡರಲ್ಲೂ ಹಾಡಿದರು. ಅದಕ್ಕೆ ಮುನ್ನ ಬಳೆಯ ಮಲಾರ ಹೊತ್ತು ಮಾರಿದವರು ಎಂಬ ಪ್ರತೀತಿಯಿದೆ. ಬಳೆ ಮಾರುವವನು ಕೈ ಹಿಡಿದು ಅಳತೆ ನೋಡಿ ಮಾತಾಡಬೇಕಾದವನು. ಅವನಿಗೆ ಎರವಲು ಮಾತು ಒದಗದು. "ನಿಮ್ಮ ಅಜ್ಜಿ ಗೂಡು ಬಿಡಿಸುವಾಗ ಏನು ಮಾಡುತ್ತಾರೋ ಅದನ್ನು ಬರೆ" ಎಂದೆ. ಕಲೆಯಾದ ಗೂಡನ್ನು ಅಜ್ಜಿ ಬೆರಳ ತುದಿಯಲ್ಲೇ ಗುರುತಿಸಿ ಪಕ್ಕಕ್ಕೆ ಎಸೆಯುವುದನ್ನೂ, ಆ ಎಸೆದವೇ ತನ್ನ ಹಾರವಾಗುವುದನ್ನೂ ಅವಳು ಒಂದು ಪುಟ ಬರೆದಳು. ಅದನ್ನು ಓದಿ ಬರೆದವರಲ್ಲಿ ಬೆಲೆ ಕೇಳಿದವರಿಗಿಂತ ಅಜ್ಜಿಯನ್ನು ಕೇಳಿದವರು ಹೆಚ್ಚು. ಅಂಥವರೇ ಆಮೇಲೆ ಬೆಲೆಯನ್ನೂ ಕೇಳಿದರು.

ಅವಳು ಎಲ್ಲರಿಗೂ ಉತ್ತರ ಬರೆಯುತ್ತಾಳೆ. ಗೌರಿಬಿದನೂರಿನ ಬಳಿ ಆಕಾಶದಿಂದ ಬರುವ ರೇಡಿಯೋ ಅಲೆಗಳನ್ನು ಹಿಡಿಯುವ ಒಂದು ದೂರದರ್ಶಕವನ್ನು 1970ರ ದಶಕದಲ್ಲಿ ನಿರ್ಮಿಸಿದರು. ಸಾವಿರ ಆಂಟೆನಾಗಳನ್ನು ಇಂಗ್ಲಿಷಿನ ಟಿ ಅಕ್ಷರದ ಆಕಾರದಲ್ಲಿ ಬಯಲಿನಲ್ಲಿ ನಿಲ್ಲಿಸಿದ ಏರ್ಪಾಟು. ವಿದ್ಯಾರ್ಥಿಗಳೊಡನೆ ಆ ಊರಿನ ಕಡೆ ಹೋದಾಗಲೆಲ್ಲ ಅದರ ಕಥೆ ಹೇಳುತ್ತೇನೆ. ಅಷ್ಟು ದೊಡ್ಡದಾದರೂ ಅದು ಒಂದು ಮಾತೂ ಆಡುವುದಿಲ್ಲ, ಕೇಳುತ್ತದೆ ಅಷ್ಟೆ. ಉಪ್ಪಿನಕಾಯಿಯ ಹುಡುಗನಿಗೆ ಈ ದೃಷ್ಟಾಂತ ಹಿಡಿಸಲಿಲ್ಲ. ದಿನಕ್ಕೆ ಐದು ಸಲ ಕೂಗುತ್ತಲೇ ಇದ್ದಾನೆ. ಖಾರ ಎಷ್ಟೆಂದು ಮೂರು ವಾರದ ಹಿಂದೆ ಕೇಳಿದ ಗೃಹಿಣಿಗೆ ಇನ್ನೂ ಉತ್ತರ ಕೊಟ್ಟಿಲ್ಲ.

ಹಾರದ ವ್ಯಾಪಾರ ಈಗ ಬಹಳ ದೊಡ್ಡದಾಗಿದೆ ಎಂದು ಬರೆದರೆ ಸುಳ್ಳಾದೀತು. ತಿಂಗಳಿಗೆ ಹದಿನೈದೋ ಇಪ್ಪತ್ತೋ ಹಾರಗಳು. ಅವಳ ಕಾಲೇಜಿನ ಶುಲ್ಕ ಮತ್ತು ಬಸ್ಸಿನ ಖರ್ಚು ಅದರಿಂದ ಹೊರಡುತ್ತದೆ. ಮನೆಯಲ್ಲಿ ಮದುವೆಯ ಮಾತು ಎರಡು ವರ್ಷ ಹಿಂದಕ್ಕೆ ಹೋಗಿದೆ. ಈ ಎರಡನೆಯದನ್ನು ಅವಳು ಹೇಳಿದ್ದಲ್ಲ, ಅವಳ ತಂದೆ ಮಾರುಕಟ್ಟೆಯಲ್ಲಿ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ್ದು. ವಿಳಾಸದ ಪುಸ್ತಕದಲ್ಲಿ ಈಗ ಇನ್ನೂರ ಹನ್ನೊಂದು ಹೆಸರುಗಳಿವೆ.

ಹೋದ ವಾರ ಹೊಸ ಬರೆಹವೊಂದನ್ನು ತಿದ್ದಿಕೊಡಿ ಎಂದು ತಂದಿದ್ದಳು. ಹುಳು ಗೂಡು ಕಟ್ಟುವ ಬಿದಿರಿನ ತಟ್ಟೆಯನ್ನು 'ಚಂದ್ರಂಕಿ' ಎಂದು ಬರೆದಿದ್ದಳು. ನಾನು ಕೆಂಪು ಮಸಿಯಲ್ಲಿ ಅದನ್ನು ಹೊಡೆದು 'ಚಂದ್ರಿಕೆ' ಎಂದು ಮಾಡಿದೆ. ಎರಡು ದಿನದ ಮೇಲೆ ಅವಳ ತಾಣದಲ್ಲಿ ನೋಡುತ್ತೇನೆ, ಎಲ್ಲ ಕಡೆಯೂ ಚಂದ್ರಂಕಿಯೇ ಇದೆ. ಏನಮ್ಮ ಇದು ಎಂದು ಕೇಳಿದೆ. "ಸಾರ್, ನಮ್ಮವರು ಹುಡುಕುವಾಗ ಚಂದ್ರಂಕಿ ಅಂತಲೇ ಹುಡುಕುತ್ತಾರೆ" ಎಂದಳು. ಮನೆಗೆ ಬಂದು ನಿಘಂಟನ್ನು ಕಪಾಟಿನಲ್ಲಿಟ್ಟೆ.